ಕಂಪ್ಯೂಟರ್ ಕರೆದ ಊಟ

ಶನಿವಾರ ಮುಂಜಾನೆ ಗದಿಗೆವ್ವನ ಖಾನಾವಳಿಗೆ ಬೀಗ ಬಿದ್ದದ್ದೇ ಎಲ್ಲ ಫಜೀತಿಗೂ ಮೂಲ. ಗುಡದಪ್ಪ ಬ್ಯಾಡಗಿಗೆ ವರ್ಗವಾಗಿ ಬಂದು ಎರಡು ವರ್ಷವಾಗಿತ್ತು. ಹಿಂದೆ ಮುಂದೆ ಯಾರೂ ಇಲ್ಲದ ಅವನನ್ನು "ಉಂಡ್ಯೇನಪಾ?" ಎಂದು ಕೇಳುತ್ತಿದ್ದವಳು ಗದಿಗೆವ್ವ ಒಬ್ಬಳೇ. ಈಗ ಅವಳೂ ಮಗಳ ಬಾಣಂತನಕ್ಕೆ ಹೋಗಿದ್ದಳು. ಪಾಪ, ಅವನಿಗೆ ರೊಟ್ಟಿಗಿಂತ ಮಾತಿನ ಹಸಿವು ಹೆಚ್ಚು. ಯಾರಾದರೂ ಮನೆಗೆ ಕರೆದಾರೇ ಎಂದು ಆಸೆಪಡುತ್ತ ಆಫೀಸಿಗೆ ಬಂದ.

ಸುದ್ದಿ ತಿಳಿದು ಎಲ್ಲರಿಗೂ ಕನಿಕರ ಉಕ್ಕಿತು. ಕರೆಯುವವರು ಮಾತ್ರ ಯಾರೂ ಇಲ್ಲ!

"ಮಧ್ಯಾಹ್ನ ಯಾರ ಮನ್ಯಾಗ ಊಟ ಅಂತ ನಿಮ್ಮ ಕಂಪ್ಯೂಟರನ್ನs ಕೇಳ್ರಿ ಸಾಹೇಬ್ರ," ಎಂದ ಜವಾನ ಚಮನಸಾಬ.

ಆ ವರ್ಷವಷ್ಟೇ ಬಂದಿದ್ದ ಆ ಪೆಟ್ಟಿಗೆ ಗುಡದಪ್ಪನೊಬ್ಬನಿಗೇ ಬಗ್ಗುತ್ತಿತ್ತು. ಸಿಬ್ಬಂದಿಯ ಹೆಸರುಗಳು, ಸಾಲಿಗೊಂದರಂತೆ, ಅದರ ಒಂದು ಫೈಲಿನಲ್ಲಿದ್ದವು. ಚೀಟಿ ಎತ್ತಿದಂತೆ ಯಾವುದಾದರೂ ಒಂದು ಸಾಲನ್ನು ಎತ್ತಿ ತೋರಿಸುವ ಸಣ್ಣ ಪ್ರೋಗ್ರಾಮನ್ನು ಅವನು ಹತ್ತು ನಿಮಿಷದಲ್ಲಿ ಬರೆದ. ಎಲ್ಲರೂ ಮುತ್ತಿಕೊಂಡರು. ಹೆಡ್ ಕ್ಲಾರ್ಕ್ ನಿಜಲಿಂಗಪ್ಪನ ಹೆಸರು ಬಂತು.

"ಏ, ಏನೋ ತಪ್ಪಾಗೇತಿ. ಇನ್ನೊಮ್ಮೆ ನಡಸು!" ಎಂದ ನಿಜಲಿಂಗಪ್ಪ.

ಮೊದಲಿಂದ ನಡೆಸಿದರೂ ಅದೇ ಹೆಸರು. ಮೂರನೇ ಸಲವೂ ಅದೇ.

"ನಮ್ಮಾಕಿ ತವರಿಗೆ ಹೋಗ್ಯಾಳಲಾ..."

"ಖರೇ ಏನ್ರಿ? ಈಗರ ನಿಮ್ಮ ಮನಿಯವರು ಮಾರ್ಕೆಟ್ಟಿನ್ಯಾಗ ಬದನೀಕಾಯಿ ಆರಸಾಕತ್ತಿದ್ರಲ್ಲ!" ಎಂದಳು ಟೈಪಿಸ್ಟ್ ಜಯವ್ವ.

ಎಲ್ಲರೂ ನಕ್ಕರು. ನಿಜಲಿಂಗಪ್ಪ ಸೋತ. "ಆತು, ಬಾರಪಾ. ಎಣಗಾಯಿ ಮಾಡ್ತಾಳ. ನಮ್ಮ ಮುದುಕಿ ಅವ್ವಗೂ ಮಾತಾಡಾಕ ಒಬ್ಬರು ಬೇಕು."

ಗುಡದಪ್ಪನ ಮುಖ ಅರಳಿತು. ಅಷ್ಟರಲ್ಲಿ ತನ್ನ ತಪ್ಪು ಹೊಳೆಯಿತು: ಶುರುವಾದಾಗಲೆಲ್ಲ ಹೆಸರುಗಳನ್ನು ಹೊಸದಾಗಿ ಕಲಸು ಎಂದು ಯಂತ್ರಕ್ಕೆ ಹೇಳಿರಲೇ ಇಲ್ಲ. ಅದಕ್ಕೇ ಅದು ಎತ್ತಿದ ಸಾಲನ್ನೇ ಎತ್ತುತ್ತಿತ್ತು! ಬಾಯಿ ಮುಚ್ಚಿಕೊಂಡಿದ್ದರೆ ಎಣಗಾಯಿ ಸಿಗುತ್ತಿತ್ತು. ಆದರೆ ಮೋಸದ ತುತ್ತು ಗಂಟಲಲ್ಲಿ ಇಳಿಯಬೇಕಲ್ಲ?

"ತಪ್ಪು ನಂದ್ರೀ ಸರ," ಎಂದವನೇ ಬಿಟ್ಟಿದ್ದ ಆ ಆದೇಶವನ್ನು ಪ್ರೋಗ್ರಾಮಿಗೆ ಸೇರಿಸಿ ಮತ್ತೆ ನಡೆಸಿದ.

ಗುಡದಪ್ಪ ಎಂದು ಬಂತು. ಸಿಬ್ಬಂದಿಯ ಪಟ್ಟಿ ತಾನೇ, ಅವನೂ ಇದ್ದ.

"ಗೆದ್ದಿ ನೋಡಪಾ! ಇವತ್ತ ನಿನ್ನ ಮನ್ಯಾಗs ನಿನಗ ಊಟ!" ನಿಜಲಿಂಗಪ್ಪ ಅವನ ಬೆನ್ನು ಚಪ್ಪರಿಸಿ, ಛತ್ರಿ ಹಿಡಿದು ಎಲ್ಲರಿಗಿಂತ ಮೊದಲು ಹೊರಬಿದ್ದ. ಉಳಿದವರೂ ನಗುತ್ತ ಮನೆಗೆ ಹೋದರು. ಇನ್ನೊಮ್ಮೆ ನಡಸು ಎಂದು ಈ ಸಲ ಯಾರೂ ಅನ್ನಲಿಲ್ಲ.

ಊಟಕ್ಕೆ ಹೋಗುವವನು ಬರಿಗೈಲಿ ಹೋಗಬಾರದೆಂದು ಅವನು ಅರ್ಧ ಡಜನ್ ಬಾಳೆಹಣ್ಣು ಕೊಂಡ. ರೂಮಿನ ಬಾಗಿಲು ತೆಗೆದು ಹೊಸ್ತಿಲಲ್ಲಿ ಸ್ವಲ್ಪ ಹೊತ್ತು ನಿಂತ.

"ಬರ್ರಿ ಗುಡದಪ್ಪನವರ, ಕುಂದ್ರಿ," ಎಂದು ತಾನೇ ಹೇಳಿ ಒಳಗೆ ಹೋದ.