ಮಂಡಕ್ಕಿಗೆ ಖುಷಿ ವರ್ಜ್ಯ

ನಾಯಿಗೆ ಬರೆದ ಔಷಧಿಯ ಜೊತೆಗೆ ಯಜಮಾನನ ಗಡೀಪಾರೂ ಸೇರಿರುತ್ತದೆ ಎಂದು ಮೊದಲೇ ಗೊತ್ತಿದ್ದರೆ ನಿಂಗಪ್ಪ ಡಾಕ್ಟರ ಬಳಿ ಹೋಗುತ್ತಲೇ ಇರಲಿಲ್ಲ. (ಹೋಗುತ್ತಿದ್ದ ಬಿಡಿ. ಮಂಡಕ್ಕಿ ಕೆಮ್ಮಿದರೆ ಇವನಿಗೆ ಗಂಟಲು ಕಟ್ಟುತ್ತಿತ್ತು.) ಮಂಡಕ್ಕಿ ಎಂದರೆ ಮಿರ್ಚಿ ಜೊತೆ ತಿನ್ನುವುದಲ್ಲ, ವಿನೋಬನಗರದ ಅವನ ಮನೆಯ ಬಿಳಿ ನಾಯಿ. ಆ ಮನೆಯಲ್ಲಿ ಅವನು ಬಂದನೆಂದು ಸಂಭ್ರಮಪಡುವ ಜೀವ ಅದೊಂದೇ. ಸಂಜೆ ಮಂಡಿಪೇಟೆಯ ಬೀಜದ ಅಂಗಡಿಯಿಂದ ಅವನು ಹೊರಟು ಬೀದಿಯ ತಿರುವಿಗೆ ಬರುವಷ್ಟರಲ್ಲಿ ಅದು ಗೇಟಿನ ಮೇಲೆ ಕಾಲಿಟ್ಟು ಓಣಿಗೆಲ್ಲ ಕೇಳುವಂತೆ ಕೂಗುತ್ತಿತ್ತು. "ಬಂತು ನೋಡ್ರಿ ಮೆರವಣಿಗೆ" ಎಂದು ಹೆಂಡತಿ ಯಶೋದಾ ಒಳಗಿನಿಂದಲೇ ಗೊಣಗುತ್ತಿದ್ದಳು. ಆಕೆಗೆ ನಾಯಿ ಎಂದರೆ ಅಷ್ಟಕ್ಕಷ್ಟೆ. ಒರೆಸಿದ ನೆಲದ ಮೇಲೆ ಅದರ ಹೆಜ್ಜೆ ಕಂಡರೆ ಇಬ್ಬರಿಗೂ ಸೇರಿಸಿ ಬೈಗುಳ.

ರಕ್ತ ಪರೀಕ್ಷೆ ಮಾಡಿದ ಡಾಕ್ಟರ್ ನಸೀಮಾ, "ಸೊಳ್ಳೆಯಿಂದ ಬಂದಿರೋದು ಸರ್. ಹೃದಯದಾಗೆ ದಾರದಂಥ ಹುಳ ಆಗ್ಯಾವೆ" ಎಂದರು. "ಮೊದ್ಲು ಮಾತ್ರೆ, ಆಮೇಲೆ ಸೊಂಟಕ್ಕೆ ಇಂಜೆಕ್ಷನ್. ಹುಳ ಸಾಯ್ತಾವೆ. ಆದ್ರೆ ಸತ್ತ ಹುಳದ ಚೂರು ಹೋಗಿ ಶ್ವಾಸಕೋಶದಾಗೆ ಸಿಕ್ಕೊಂಡ್ರೆ ನಾಯಿ ಉಳಿಯೋದು ಕಷ್ಟ. ಅದಕ್ಕೇ ಓಡಬಾರ್ದು, ಕುಣೀಬಾರ್ದು, ಭಾಳ ಖುಷಿನೂ ಪಡಬಾರ್ದು. ಎದೆ ಜೋರಾಗಿ ಬಡ್ಕೊಳ್ಳಂಗೇ ಇಲ್ಲ."

"ಅದು ಕುಣಿಯೋದು ಇವರನ್ನ ಕಂಡ್ರೆ ಮಾತ್ರ ಮೇಡಂ" ಎಂದಳು ಯಶೋದಾ.

ಡಾಕ್ಟರ್ ಸೊಳ್ಳೆಯನ್ನು ನೋಡುವಂತೆ ನಿಂಗಪ್ಪನನ್ನು ನೋಡಿದರು. "ಹಂಗಾದ್ರೆ ಸರ್, ನೀವು ಸ್ವಲ್ಪ ಕಾಲ ಬೇರೆ ಕಡೆ ಇರಾಕೆ ಆಗ್ತೈತಾ?"

ಹೀಗೆ ನಿಂಗಪ್ಪ ಒಂದು ಬ್ಯಾಗು ಹಿಡಿದು ಹರಿಹರದ ಅಕ್ಕನ ಮನೆ ಸೇರಿದ. ಸರೋಜಕ್ಕ ತಟ್ಟೆಗೆ ರೊಟ್ಟಿ ಹಾಕುತ್ತಾ, "ಖರೇ ಹೇಳು, ಯಶೋದಾ ಹೊರಗೆ ಹಾಕಿದ್ಲೇನೋ?" ಎಂದಳು.

"ಇಲ್ಲಕ್ಕ, ನಾಯಿಗೆ ನನ್ನ ಕಂಡ್ರೆ ಎದೆ ಬಡ್ಕೊಂತೈತೆ."

"ಅಯ್ಯೋ ಪಾಪ" ಎಂದು ಅಕ್ಕ ಕಣ್ಣೊರೆಸಿಕೊಂಡಳು. ಆದರೆ ನಂಬಲಿಲ್ಲ. ವಾರದೊಳಗೆ ಇಡೀ ಬಂಧುಬಳಗಕ್ಕೆ ನಿಂಗಪ್ಪನ ಸಂಸಾರ ಮುರಿದ ಸುದ್ದಿ ಮುಟ್ಟಿ, ಲೋಕಿಕೆರೆಯ ಮಾರಣ್ಣ ಮಾವ ರಾಜಿಪಂಚಾಯ್ತಿಗೆ ತಯಾರಾಗಿ ನಿಂತ. ನಿಂಗಪ್ಪನಿಗೆ ಅದಾವುದೂ ಬೇಕಿರಲಿಲ್ಲ. ದಿನಾ ಬಸ್ಸಿನಲ್ಲಿ ದಾವಣಗೆರೆಗೆ ಬಂದು, ಅಂಗಡಿಯಲ್ಲಿ ಬೀಜ ತೂಗಿ, ತನ್ನ ಓಣಿಯತ್ತ ಮುಖ ಹಾಕದೆ ಮತ್ತೆ ಹರಿಹರದ ಬಸ್ಸು ಹತ್ತುವಾಗ ಅಳು ಬರುತ್ತಿತ್ತು. ಫೋನಿನಲ್ಲಾದರೂ ಮಾತಾಡಿಸೋಣವೆಂದರೆ, "ಸಾಕು ಇಡ್ರಿ! ನಿಮ್ಮ ದನಿ ಕೇಳಿ ಎದ್ದು ನಿಂತೈತೆ" ಎಂದು ಯಶೋದಾ ಕಟ್ ಮಾಡುತ್ತಿದ್ದಳು.

ಮೊದಲ ಇಂಜೆಕ್ಷನ್ ಆದ ಮೇಲೆ ಅವನಿಗೆ ತಡೆಯಲಾಗಲಿಲ್ಲ. ಕಿಟಕಿಯಿಂದ ಒಮ್ಮೆ ನೋಡಿ ಬಂದುಬಿಡುವ ಮಹಾಯೋಜನೆ ಹಾಕಿದ. ಭಾವನ ಅಂಗಿ ತೊಟ್ಟ, ಮೂಗಿಗೆ ಮಾಸ್ಕ್ ಕಟ್ಟಿದ, ತನ್ನ ವಾಸನೆ ಹತ್ತದಿರಲೆಂದು ಅಲ್ಲಾಬಕ್ಷನ ಅಂಗಡಿಯ ಅತ್ತರು ಮೈತುಂಬ ಬಳಿದುಕೊಂಡ. (ಬಸ್ಸಿನಲ್ಲಿ ಪಕ್ಕದವರು ಎದ್ದು ಹೋಗಿ ನಿಂತುಕೊಂಡರು.) ಬೆಕ್ಕಿನಂತೆ ಗೇಟು ತೆರೆದ. ಎಲ್ಲ ಸರಿಯಾಗಿತ್ತು. ಆದರೆ ಹುಟ್ಟಿದಾಗಿನಿಂದ ಹೊರಗಿಂದ ಬಂದವನು ಕಾಲು ತೊಳೆಯದೆ ಮನೆಯ ಮೆಟ್ಟಿಲು ತುಳಿದವನಲ್ಲ. ಕೈ ತಾನಾಗಿಯೇ ನಲ್ಲಿ ತಿರುಗಿಸಿತು. ಕಾಲ ಮೇಲೆ ಕಾಲು ಉಜ್ಜಿ ಚೆಂಬಿನಿಂದ ನೀರು ಹುಯ್ದುಕೊಂಡ.

ಆ ಸದ್ದು ಸಾಕಾಯಿತು. ಒಳಗಿನಿಂದ ಕೂಗು, ಬಾಗಿಲಿಗೆ ಬಡಿದ ಸದ್ದು, ಆಮೇಲೆ ಉಸಿರು ಸಿಗದ ಕೆಮ್ಮು. ಕಿಟಕಿಯಲ್ಲಿ ನೋಡಿದರೆ ಮಂಡಕ್ಕಿ ನೆಲದ ಮೇಲೆ ಬಿದ್ದು, ನಾಲಿಗೆ ನೀಲಿಯಾಗಿ, ಆಗಲೂ ಇವನ ಕಡೆಗೇ ಬಾಲ ಆಡಿಸುತ್ತಿತ್ತು.

"ಕೊಲ್ಲಾಕ ಬಂದೀರೇನ್ರಿ?" ಎಂದು ಯಶೋದಾ ಚೀರಿದಳು. "ಹೋಗ್ರಿ! ಅದು ಬದುಕಬೇಕು ಅಂದ್ರೆ ಹೋಗ್ರಿ!" ಆಕೆ ನಾಯಿಯನ್ನು ತೊಡೆಯ ಮೇಲೆ ಹಾಕಿಕೊಂಡು ಅಳುತ್ತಿದ್ದಳು. ಅದುವರೆಗೆ ಆಕೆ ಅದನ್ನು ಮುಟ್ಟಿದ್ದನ್ನೇ ನಿಂಗಪ್ಪ ನೋಡಿರಲಿಲ್ಲ.

ಡಾಕ್ಟರ್ ಓಡಿ ಬಂದರು, ಮಂಡಕ್ಕಿ ಉಳಿಯಿತು. ನಿಂಗಪ್ಪ ಆಮೇಲೆ ಕಿಟಕಿಯ ಹತ್ತಿರವೂ ಸುಳಿಯಲಿಲ್ಲ. ತನ್ನ ಪ್ರೀತಿಯೇ ಅದಕ್ಕೆ ವಿಷವಾಯಿತಲ್ಲ ಎಂದು ಹೊಳೆಯ ದಂಡೆಯಲ್ಲಿ ಒಬ್ಬನೇ ಕೂತು ಕೊರಗುತ್ತಿದ್ದ.

ಕೊನೆಯ ಇಂಜೆಕ್ಷನ್ ಆಗಿ ಕೆಲವು ವಾರ ಕಳೆದ ಮೇಲೆ ಡಾಕ್ಟರೇ ಫೋನ್ ಮಾಡಿ, "ಬರ್ರಿ ಸರ್, ನನ್ನ ಮುಂದೇನೇ ಒಂದ್ಸಲ ನೋಡಿಬಿಡಾಣ" ಎಂದರು. ಅವನು ಮನೆಗೆ ಹೋದಾಗ ಅವರು ಮಂಡಕ್ಕಿಯ ಎದೆಗೆ ಸ್ಟೆತೊಸ್ಕೋಪ್ ಹಿಡಿದು ಕೂತಿದ್ದರು. ನಿಂಗಪ್ಪ ಒಳಗೆ ಕಾಲಿಟ್ಟ. ಮಂಡಕ್ಕಿ ತಲೆ ಎತ್ತಿ ನೋಡಿತು. ಮತ್ತೆ ತಲೆ ಕೆಳಗಿಟ್ಟಿತು.

"ಬಡಿತ ಒಂಚೂರೂ ಏರಿಲ್ಲ! ಭಾಳ ಚಲೋ ಆತು ಸರ್!" ಎಂದರು ಡಾಕ್ಟರ್.

"ನಾನು ಕಣೋ" ಎಂದ ನಿಂಗಪ್ಪ. ಮಂಡಕ್ಕಿ ಆಕಳಿಸಿತು.

ಅಷ್ಟರಲ್ಲಿ, ಇಷ್ಟು ದಿನ ನಾಯಿಯ ಪಕ್ಕ ಬಿಟ್ಟು ಕದಲದೆ, ಇವತ್ತು ಗಂಡ ಬರುತ್ತಾನೆಂದು ಹಾಲು ತರಲು ಹೋಗಿದ್ದ ಯಶೋದಾ ಗೇಟು ತೆಗೆದಳು. ಮಂಡಕ್ಕಿ ಚಂಗನೆ ಎದ್ದು ಕುಂಯ್‌ಗುಡುತ್ತಾ ಬಾಗಿಲಿಗೆ ಹಾರಿತು. ಡಾಕ್ಟರ ಕೈಯಿಂದ ಸ್ಟೆತೊಸ್ಕೋಪ್ ಹಾರಿತು. "ಮೇಡಂ, ಅಲ್ಲೇ ನಿಲ್ರಿ! ರೆಸ್ಟ್ ಇನ್ನೂ ಮುಗಿದಿಲ್ಲ!"

ನಾಯಿಯನ್ನು ಹಿಡಿದು ಮಲಗಿಸಿ, ಅವರು ತೀರ್ಪು ಕೊಟ್ಟರು: "ಯಾರನ್ನ ಕಂಡ್ರೆ ಅದಕ್ಕೆ ಏನೂ ಅನ್ಸಲ್ಲೋ ಅಂಥೋರೇ ಈಗ ಜತಿಗಿರಬೇಕು. ನಿಮಗಿಂತ ಚಲೋ ಯಾರೂ ಸಿಗಲ್ಲ ಸರ್."

ಯಶೋದಾ ಬ್ಯಾಗು ಹಿಡಿದು ಹಿತ್ತಲಿನಿಂದ ಹೊರಟಳು. "ಅದರ ಅನ್ನಕ್ಕೆ ಉಪ್ಪು ಹಾಕಬ್ಯಾಡ್ರಿ. ಮಾತ್ರೆ ಮರೀಬ್ಯಾಡ್ರಿ" ಎಂದು ಸೆರಗಿನಿಂದ ಮುಖ ಒರೆಸಿಕೊಂಡು ಹರಿಹರದ ಬಸ್ಸಿಗೆ ಹೋದಳು.

ನಿಂಗಪ್ಪ ಮಂಡಕ್ಕಿಯ ಪಕ್ಕದಲ್ಲೇ ಚಾಪೆ ಹಾಸಿಕೊಂಡು ಕೂತ. ಇಷ್ಟು ಕಾಲ ಅವನು ಹಂಬಲಿಸಿದ್ದು ಇದಕ್ಕೇ. ಅದರ ಬೆನ್ನ ಮೇಲೆ ಕೈಯಿಟ್ಟ. ಅದು ಬೇಡವೆನ್ನಲಿಲ್ಲ, ಬೇಕೆನ್ನಲೂ ಇಲ್ಲ. ಬಾಗಿಲನ್ನೇ ನೋಡುತ್ತಿತ್ತು. ಅದರ ಸಂಕಟ ನೋಡಲಾಗದೆ, "ಸುಮ್ನಿರು ಮಗಾ, ಯಶೋದಾ ಬರ್ತಾಳೆ" ಎಂದ.

ಹೆಸರು ಕೇಳಿದ್ದೇ ತಡ, ಬಾಲ ಪಟಪಟ ನೆಲಕ್ಕೆ ಬಡಿಯತೊಡಗಿತು. ನಿಂಗಪ್ಪ ಗಾಬರಿಯಿಂದ ಎರಡೂ ಕೈಯಲ್ಲಿ ತನ್ನ ಬಾಯಿ ಮುಚ್ಚಿಕೊಂಡ.