ಕಾಮಣ್ಣನ ಪಾಲಾದ ಡೆಸ್ಕು

ಮೊರಬದ ನಿವೃತ್ತ ಮಾಸ್ತರ ಮಡಿವಾಳೆಪ್ಪನವರ ಡೆಸ್ಕು ಕಾಣೆಯಾದದ್ದು ಹೋಳಿ ಹುಣ್ಣಿಮೆಯ ದಿನ ಬೆಳಿಗ್ಗೆ. ಅದಕ್ಕೆ ಕಾರಣ ಹಿಂದಿನ ವಾರ ಅವರೇ ಬರೆದ ಒಂದು ಲೇಖನ.

ಹುಬ್ಬಳ್ಳಿಯಿಂದ ಹೊರಡುವ ‘ಎರೆಹೊಲ’ ಎಂಬ ವಾರಪತ್ರಿಕೆಯಲ್ಲಿ ಅವರು ಹತ್ತು ವರ್ಷಗಳಿಂದ ‘ದೇಶದ ಗತಿ’ ಎಂಬ ಅಂಕಣ ಬರೆಯುತ್ತಿದ್ದರು. ದೇಶದ ಗತಿ ಅವರ ಮನೆಯ ಕಟ್ಟೆಯಿಂದ ಚೆನ್ನಾಗಿ ಕಾಣುತ್ತಿತ್ತು. ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಕಡಿಮೆಯಾಗಿ ಖಾನಾವಳಿಯಿಂದ ಕಟ್ಟಿಸಿಕೊಂಡು ಬರುವುದು ಹೆಚ್ಚಾದದ್ದು, ಹೊಲದ ಬದುವಿನ ಮೇಲೆ ಕೂತವರೂ ಮೊಬೈಲಿನಲ್ಲಿ ಮುಖ ಇಟ್ಟುಕೊಂಡದ್ದು, ಎದುರು ಸಿಕ್ಕವರು ‘ಶರಣ್ರಿ’ ಎನ್ನುವ ಬದಲು ಬರೀ ಹುಬ್ಬು ಏರಿಸುವುದು, ಇವೆಲ್ಲ ಸೇರಿ ದೇಶವನ್ನು ಎಲ್ಲಿಗೋ ಎಳೆದೊಯ್ಯುತ್ತಿವೆ ಎಂಬ ಗುಮಾನಿ ಅವರದು. ಹಿಂದಿನದೆಲ್ಲ ಒಳ್ಳೆಯದು, ಈಗಿನದೆಲ್ಲ ಅನುಮಾನದ್ದು. ಅವರು ಮೊಬೈಲು ಇಟ್ಟುಕೊಂಡಿರಲಿಲ್ಲ. ಲೇಖನವನ್ನು ಶಾಯಿ ಪೆನ್ನಿನಲ್ಲಿ ಬರೆದು ಬಸ್ಸಿನ ಕಂಡಕ್ಟರನ ಕೈಯಲ್ಲಿ ಹುಬ್ಬಳ್ಳಿಗೆ ಕಳಿಸುತ್ತಿದ್ದರು.

ಹಿಂದಿನ ವಾರದ ಲೇಖನ ಹೋಳಿಯ ಬಗ್ಗೆ. ‘ಮೊದಲೆಲ್ಲ ಕಾಮಣ್ಣನನ್ನು ಸುಡುವ ರಾಶಿಗೆ ಸಗಣಿ ಕುಳ್ಳು, ಕಟ್ಟಿಗೆ, ಮುರುಕು ಬಾಗಿಲು ಕದ್ದು ತರುತ್ತಿದ್ದರು. ಈಗ ವಂತಿಗೆ ಎತ್ತಿ ಟ್ರ್ಯಾಕ್ಟರಿನಲ್ಲಿ ಕಟ್ಟಿಗೆ ತರಿಸುತ್ತಾರೆ. ಕದಿಯುವುದಕ್ಕೂ ನೆರೆಹೊರೆಯಲ್ಲಿ ವಿಶ್ವಾಸ ಬೇಕು. ಆ ವಿಶ್ವಾಸವೇ ಸತ್ತ ದೇಶದಲ್ಲಿ ಉಳಿದದ್ದೇನು?’ ಎಂದು ಕೇಳಿ, ಮರೆತವರಿಗಾಗಿ ಹಳೆಯ ಕಟ್ಟಳೆಗಳನ್ನೂ ನೆನಪಿಸಿದ್ದರು. ಕಾಮಣ್ಣನಿಗಾಗಿ ಕದ್ದರೆ ಅದು ಕಳವಲ್ಲ. ಕದ್ದವನು ಬಾಯಿ ಬಿಡಬಾರದು. ರಾಶಿಗೆ ಬಿದ್ದದ್ದನ್ನು ಒಡೆಯನೂ ಮುಟ್ಟಬಾರದು, ಬೇಕಾದರೆ ಬಯ್ಯಬಹುದು. ಒಮ್ಮೆ ಬೆಂಕಿ ಬಿತ್ತೋ, ರಿಯಾಯಿತಿ ಮುಗಿಯಿತು. ಆಮೇಲೆ ಹುಲ್ಲುಕಡ್ಡಿ ಎತ್ತಿದರೂ ಶುದ್ಧ ಕಳವು.

ಬಸ್ ನಿಲ್ದಾಣದ ಎದುರು ಚಹಾದಂಗಡಿ ಇಟ್ಟಿರುವ ಅಕ್ಬರಸಾಬ ಇದನ್ನು ಗಟ್ಟಿಯಾಗಿ ಓದಿ, ಕತ್ತರಿಸಿ, ಗೋಡೆಗೆ ಅಂಟಿಸಿದ್ದ. ಊರು ಓದಿ ತಲೆದೂಗಿತ್ತು.

ಹುಣ್ಣಿಮೆಯ ಬೆಳಿಗ್ಗೆ ಮಡಿವಾಳೆಪ್ಪ ಹಳ್ಳದ ದಂಡೆಯವರೆಗೆ ತಿರುಗಾಡಿ ಒಂಬತ್ತಕ್ಕೆ ಮನೆಗೆ ಬಂದರು. ಹೆಂಡತಿ ಗೌರಕ್ಕ ಹೋಳಿಗೆ ಕಟ್ಟಿಕೊಂಡು ಎಂಟೂವರೆಯ ಬಸ್ಸಿಗೆ ನವಲಗುಂದದ ತಮ್ಮನ ಮನೆಗೆ ಹೋಗಿದ್ದಳು. ಕಟ್ಟೆಯ ಮೇಲೆ ಡೆಸ್ಕು ಇರಲಿಲ್ಲ. ಅದು ಕುಳಿತು ಬರೆಯುವ ಇಳಿಜಾರು ಮುಚ್ಚಳದ ಹಳೆಯ ಮರದ ಪೆಟ್ಟಿಗೆ. ಅದರ ಬೀಗದ ಕೈ ಮಾಸ್ತರರ ಉಡದಾರದಲ್ಲೇ ಇತ್ತು, ಆದರೆ ಡೆಸ್ಕಿದ್ದ ಜಾಗದಲ್ಲಿ ಒಂದು ಚೌಕಾಕಾರದ ಧೂಳು ಮಾತ್ರ ಉಳಿದಿತ್ತು.

ಡೆಸ್ಕಿನೊಳಗೆ ಎರಡು ವಸ್ತುಗಳಿದ್ದವು. ಒಂದು, ಅಂದೇ ಹುಬ್ಬಳ್ಳಿಗೆ ಹೋಗಬೇಕಾಗಿದ್ದ ಐನೂರನೆಯ ಲೇಖನದ ಬಿಡಿ ಹಾಳೆಗಳು. ಅದು ಹೋದರೆ ಹೋಗಲಿ, ಮತ್ತೆ ಬರೆಯಬಹುದು. ಇನ್ನೊಂದು, ‘ದೇಶದ ಗತಿ’ ಎಂದು ರಟ್ಟಿನ ಮೇಲೆ ಗುಂಡಗೆ ಬರೆದ ದಪ್ಪ ನೋಟುಬುಕ್ಕು. ಲೇಖನಗಳಲ್ಲಿ ‘ಒಬ್ಬ ಮಹಾಶಯರು’, ‘ಒಬ್ಬ ತಾಯಿ’ ಎಂದು ಬರುವವರೆಲ್ಲ ಆ ಪುಸ್ತಕದಲ್ಲಿ ಹೆಸರು ಸಮೇತ ಇದ್ದರು.

‘ನೀಲಕ್ಕ: ಹಾಲು ಅಳೆಯುವಾಗ ದೇವರ ಹೆಸರು ಹೇಳುತ್ತಾಳೆ. ನಮ್ಮ ಗಮನ ತಪ್ಪಿಸಲು?’ ‘ಅಕ್ಬರಸಾಬ: ನನ್ನ ಲೇಖನವನ್ನು ಅತಿಯಾಗಿ ಹೊಗಳುತ್ತಾನೆ. ಚಹಾದ ರುಚಿ ಮುಚ್ಚಲು ಇರಬಹುದು.’ ‘ಹನಮಪ್ಪ: ಬಸವಣ್ಣನಿಗೆ ಕೈಮುಗಿಯುವಾಗ ಒಂದು ಕಣ್ಣು ತೆರೆದಿರುತ್ತದೆ. ಆ ಕಣ್ಣು ನಮ್ಮ ಬಣವೆಯ ಮೇಲೆ.’ ಹನ್ನೆರಡನೆಯ ಪುಟದಲ್ಲಿ, ‘ಗೌರಕ್ಕ: ಇತ್ತೀಚೆಗೆ ಎದುರು ಮಾತಾಡುತ್ತಿಲ್ಲ. ಏನೋ ನಡೆದಿದೆ.’

ಈ ಪುಸ್ತಕ ಯಾರದಾದರೂ ಕೈಗೆ ಸಿಕ್ಕರೆ ಮಡಿವಾಳೆಪ್ಪ ಮೊರಬದಲ್ಲಿ ಮುಖ ಎತ್ತಿ ತಿರುಗುವ ಹಾಗಿರಲಿಲ್ಲ. ಹಾಲು, ಚಹಾ, ಮನೆಯ ಊಟ ಮೂರೂ ಒಂದೇ ದಿನ ಬಂದ್ ಆಗುತ್ತಿದ್ದವು. ಏನಾದರೂ ಮಾಡಿ, ಯಾರೂ ಮುಚ್ಚಳ ತೆಗೆಯುವ ಮೊದಲು ಡೆಸ್ಕು ಹುಡುಕಬೇಕಿತ್ತು.

ಬಾಜು ಮನೆಯ ನೀಲಕ್ಕ ಎಮ್ಮೆಯ ಮೈ ತೊಳೆಯುತ್ತಿದ್ದಳು. ಮಡಿವಾಳೆಪ್ಪ ಆಕೆಯ ಮುಖಕ್ಕಿಂತ ಹೆಚ್ಚಾಗಿ ಆಕೆಯ ದನದ ಕೊಟ್ಟಿಗೆಯ ಒಳಗೆ ನೋಡುತ್ತ ಕೇಳಿದರು. “ನೀಲಕ್ಕ, ನಮ್ಮ ಕಟ್ಟಿ ಮ್ಯಾಲಿನ ಡೆಸ್ಕು ಯಾರರೆ ಒಯ್ದದ್ದು ನೋಡಿದೇನು?”

“ಇಲ್ರಿ ಸರ. ಏನಿತ್ರಿ ಅದರಾಗ?”

“ಏನೂ ಇರ್ಲಿಲ್ಲ.”

“ಏನೂ ಇಲ್ಲದ್ದಕ್ಕ ಹಿಂಗ್ಯಾಕ ಬೆವರಾಕತ್ತೀರಿ?”

“ಬಿಸಲು.”

ನೀಲಕ್ಕ ಆಕಾಶ ನೋಡಿದಳು. ಬಿಸಿಲು ಇನ್ನೂ ಗೋಡೆ ಇಳಿದಿರಲಿಲ್ಲ. ಮಾಸ್ತರರು ಹೋದ ಮೇಲೆ ಎಮ್ಮೆಯನ್ನು ಅರ್ಧ ತೊಳೆದಲ್ಲೇ ಬಿಟ್ಟು ಓಣಿಗಿಳಿದಳು.

ಚಹಾದಂಗಡಿ ಮುಟ್ಟುವ ಹೊತ್ತಿಗೆ ಸುದ್ದಿ ಮಡಿವಾಳೆಪ್ಪನವರಿಗಿಂತ ಮುಂದೆ ಬಂದು ಕೂತಿತ್ತು. ಡೆಸ್ಕಿನಲ್ಲಿ ಬಂಗಾರ ಇತ್ತಂತೆ ಎಂದು ಒಬ್ಬ, ಹೊಲದ ಉತಾರ ಪತ್ರ ಇತ್ತಂತೆ ಎಂದು ಇನ್ನೊಬ್ಬ. ಮೂಲೆಯಲ್ಲಿ ಕೂತ ಮೂರನೆಯವನು, ಮಾಸ್ತರರಿಗೆ ಕಾಲೇಜಿನ ದಿನಗಳಲ್ಲಿ ಯಾರೋ ಬರೆದ ಕಾಗದಗಳಿದ್ದವಂತೆ ಎಂದು ತಗ್ಗಿದ ದನಿಯಲ್ಲಿ ಹೇಳುತ್ತಿದ್ದ.

“ಬರ್ರಿ ಸರ, ಕೂಡ್ರಿ,” ಎಂದು ಅಕ್ಬರಸಾಬ ನಗುತ್ತ ಚಹಾ ಇಟ್ಟ. ಈ ನಗೆ ಅವರಿಗೆ ಎಂದಿಗಿಂತ ಎರಡು ಹಲ್ಲು ಹೆಚ್ಚಾಗಿ ಕಂಡಿತು. ಓದಿಬಿಟ್ಟಿದ್ದಾನೋ?

“ಅಕ್ಬರಸಾಬ, ಖರೆ ಹೇಳು. ನನ್ನ ಡೆಸ್ಕು ಎಲ್ಲೈತಿ?”

“ನನಗೇನ ಗೊತ್ರಿ. ಕಾಮಣ್ಣಗ ಹೋಗಿರಬೇಕು. ನೀವ ಬರದೀರಲ್ರಿ, ಕದೀರಿ ಅಂತ.” ಅವನು ಗೋಡೆಯ ಕಡೆ ಕೈ ಮಾಡಿದ. “ಆದರ ಕದ್ದವರು ಬಾಯಿ ಬಿಡೂ ಹಂಗಿಲ್ಲ. ಅದನ್ನೂ ನೀವ ಬರದೀರಿ.”

ಅಲ್ಲಿದ್ದವರಲ್ಲಿ ಕಾಮಣ್ಣನ ರಾಶಿಯ ಉಸ್ತುವಾರಿಯ ಹನಮಪ್ಪ ಮಾತ್ರ ಎರಡೂ ತುಟಿ ಒತ್ತಿ ಹಿಡಿದು ಬಸ್ಸಿನ ವೇಳಾಪಟ್ಟಿ ಓದುತ್ತಿದ್ದ. ಆ ಪಟ್ಟಿಯನ್ನು ಮೊರಬದಲ್ಲಿ ಯಾರೂ ಇದುವರೆಗೆ ಓದಿದ್ದಿಲ್ಲ. ಮಡಿವಾಳೆಪ್ಪ ಅವನ ಹತ್ತಿರ ಸರಿದರು.

“ಹನಮಪ್ಪ, ನೀ ಒಯ್ದಿ ಹೌದಲ್ಲೋ?”

ಹನಮಪ್ಪ ತಲೆಯನ್ನು ಹೌದೆಂದೂ ಅಲ್ಲ, ಇಲ್ಲವೆಂದೂ ಅಲ್ಲ ಎನ್ನುವಂತೆ ಸುತ್ತ ತಿರುಗಿಸಿದ. ಕಟ್ಟಳೆಯನ್ನು ಇಷ್ಟು ನಿಷ್ಠೆಯಿಂದ ಪಾಲಿಸುವ ಓದುಗ ತಮಗಿದ್ದಾನೆ ಎಂದು ತಿಳಿದು ಮಡಿವಾಳೆಪ್ಪನವರಿಗೆ ಮೊದಲ ಸಲ ದುಃಖವಾಯಿತು.

ಕಾಮಣ್ಣನ ರಾಶಿ ಬಸವಣ್ಣನ ಗುಡಿಯ ಮುಂದಿನ ಬಯಲಿನಲ್ಲಿತ್ತು. ಅವರು ಮನೆಗೆ ಹೋಗುವವರಂತೆ ಹೊರಟು, ಎರಡು ಓಣಿ ಸುತ್ತು ಹಾಕಿ, ಊರು ಉಂಡು ಮಲಗುವ ಮಧ್ಯಾಹ್ನದ ಹೊತ್ತಿಗೆ ಅಲ್ಲಿಗೆ ಬಂದರು. ಕುಳ್ಳು, ಮುರಿದ ನೊಗ, ತೊಗರಿ ಕಟ್ಟಿಗೆ, ಯಾರದೋ ಮಂಚದ ಕಾಲು. ಎಲ್ಲದರ ನಡುವೆ ಡೆಸ್ಕಿನ ಒಂದು ಮೂಲೆ ಇಣುಕುತ್ತಿತ್ತು, ಬೀಗ ಹಾಕಿದ್ದು ಹಾಕಿದ ಹಾಗೇ ಇತ್ತು. ಅವರಿಗೆ ಜೀವ ಬಂದಂತಾಯಿತು. ಕೆಳಗೆ ಕೈ ತೂರಿಸಿದರು. ಕೈ ಭುಜದವರೆಗೆ ಹೋಯಿತು, ಡೆಸ್ಕು ಅಲುಗಲಿಲ್ಲ. ರಾಶಿ ಹತ್ತಿದರು. ಧೋತರ ಜಾಲಿಮುಳ್ಳಿಗೆ ಸಿಕ್ಕಿತು. ಬಿಡಿಸಿಕೊಳ್ಳಲು ಹೋದಾಗ ಮೇಲಿನ ಕುಳ್ಳಿನ ಸಾಲು ಜಾರಿ ಅವರನ್ನು ಸೊಂಟದವರೆಗೆ ಹೂಳಿತು.

“ಯಾರಲೇ ಅದು, ಕಾಮಣ್ಣಂದ ಕದಿಯಾಕತ್ತಾನ?” ಎಂಬ ಹನಮಪ್ಪನ ದನಿ ಕೇಳಿಸಿತು. ಅವನು ಗುಡಿಯ ಕಟ್ಟೆಯ ಮೇಲೆ ರಾಶಿ ಕಾಯುತ್ತ ಮಲಗಿದ್ದ, ಒಂದು ಕಣ್ಣು ತೆರೆದು.

ಹತ್ತು ನಿಮಿಷದಲ್ಲಿ ಬಯಲು ತುಂಬಿತು. ನೀಲಕ್ಕ ಎಲ್ಲರಿಗಿಂತ ಮುಂದೆ ನಿಂತಿದ್ದಳು.

“ಸರ, ನೀವೇನ್ರಿ?” ಹನಮಪ್ಪನಿಗೆ ನಿಜವಾಗಿಯೂ ನೋವಾಗಿತ್ತು. “ಒಡ್ಯಾನೂ ಮುಟ್ಟಬಾರದು ಅಂತ ಬರದವರು ನೀವು. ನಾವು ಅದನ್ನ ನಂಬಿ ಮಾಡಿದಿವಿ.”

“ಅದರಾಗ ಏನೈತಿ ನೋಡೇಬಿಡೂಣು,” ಎಂದಳು ನೀಲಕ್ಕ. “ಕೀಲಿ ಮುರೀರಿ. ಬಂಗಾರ ಇದ್ದರ ತಕ್ಕೊಂಡ ಹೋಗ್ಲಿ ಪಾಪ.”

ಇಬ್ಬರು ಮುಂದೆ ಬಂದರು. ಹನಮಪ್ಪನಿಗೆ ಓದಲು ಬರುತ್ತದೆ, ಅದೂ ಗಟ್ಟಿಯಾಗಿ. ಆಗ, ಕುಳ್ಳಿನಲ್ಲಿ ಅರ್ಧ ಹೂತುಹೋಗಿದ್ದ ಆ ಸ್ಥಿತಿಯಲ್ಲೇ ಮಡಿವಾಳೆಪ್ಪನವರಿಗೆ ಉಪಾಯ ಹೊಳೆಯಿತು. ಡೆಸ್ಕು ಮನೆಗೆ ಹೋಗಬೇಕೆಂದೇನಿದೆ? ಸುಟ್ಟರೂ ನಡೆಯುತ್ತದೆ. ಸುಟ್ಟರೇ ಒಳ್ಳೆಯದು.

“ಮುಟ್ಟಬ್ಯಾಡ್ರಿ,” ಎಂದರು ಗಂಭೀರವಾಗಿ. “ನಾ ಅದನ್ನ ಒಯ್ಯಾಕ ಬಂದಿಲ್ಲ. ನೀವು ಕಟ್ಟಳಿ ಪಾಲಸ್ತೀರೋ ಇಲ್ಲೋ ಅಂತ ಪರೀಕ್ಷಾ ಮಾಡಾಕ ಬಂದೆ. ಅದು ಈಗ ಕಾಮಣ್ಣಂದು. ಅದರಾಗ ನನ್ನ ಬಂಗಾರ ಇರಲಿ, ಪ್ರಾಣ ಇರಲಿ, ಸುಡಲಿ.”

ಅಕ್ಬರಸಾಬ ಹೆಗಲ ಮೇಲಿನ ಅರಿವೆಯಿಂದ ಕಣ್ಣು ಒರೆಸಿಕೊಂಡ. ಇಂಥವರು ಊರಿಗೊಬ್ಬರಿದ್ದರೆ ದೇಶ ಯಾಕೆ ಕೆಡುತ್ತಿತ್ತು ಎಂದು ಯಾರೋ ಅಂದರು. ಮಾಸ್ತರರನ್ನು ಕುಳ್ಳಿನಿಂದ ಎತ್ತಿ ನಿಲ್ಲಿಸಲಾಯಿತು.

ಆದರೆ ಅವರಿಗೆ ಇನ್ನೂ ಒಂದು ಚಿಂತೆ. ಮೊರಬದಲ್ಲಿ ಕಾಮಣ್ಣನಿಗೆ ಬೆಂಕಿ ಬೀಳುವುದು ಮರುದಿನ, ಮೊದಲ ಬಸ್ಸು ಬಂದುಹೋಗಿ ದನಗಳು ಮೇಯಲು ಹೊರಟ ಮೇಲೆ. ಅಷ್ಟರವರೆಗೆ ನೀಲಕ್ಕ ಸುಮ್ಮನಿರುವಳೆಂಬ ನಂಬಿಕೆ ಅವರಿಗಿರಲಿಲ್ಲ.

“ಇನ್ನೊಂದ ಮಾತು. ಇವತ್ತ ಸಂಜಿಕೇನ ಸುಡಬೇಕು. ಹುಣ್ಣಿವಿ ಇದ್ದಾಗ ಸುಡೂದು ಶಾಸ್ತ್ರ. ನಾಳೆ ಪಾಡ್ಯ ಬಂತು.”

“ನಮ್ಮಜ್ಜನ ಕಾಲದಿಂದ ಮುಂಜಾನೆ ಸುಡೂದ ಪದ್ಧತಿ ಐತೆಲ್ರಿ ಸರ,” ಎಂದ ಹನಮಪ್ಪ.

“ಪದ್ಧತಿ ಸ್ವಲ್ಪ ಬದಲಿ ಮಾಡಿದರ ಏನೂ ಆಗೂದಿಲ್ಲ.”

ಮಡಿವಾಳೆಪ್ಪ ತಮ್ಮ ಆಯುಷ್ಯದಲ್ಲಿ ಈ ವಾಕ್ಯ ಆಡಿದ್ದು ಅದೇ ಮೊದಲು. ಪದ್ಧತಿಯನ್ನು ಅವರಿಗಿಂತ ಹೆಚ್ಚು ಬಲ್ಲವರು ಊರಲ್ಲಿ ಯಾರೂ ಇರಲಿಲ್ಲವಾದ್ದರಿಂದ ಎಲ್ಲರೂ ಒಪ್ಪಿದರು. ಹೊತ್ತು ಮುಳುಗುವಾಗ ಹಲಗೆ ಬಾರಿಸುತ್ತ ಬಂದು ಕೊಳ್ಳಿಯನ್ನು ಮಾಸ್ತರರ ಕೈಗೇ ಕೊಟ್ಟರು. ಅವರು ಡೆಸ್ಕಿನ ಹತ್ತಿರದ ಕುಳ್ಳಿಗೇ ನೋಡಿಕೊಂಡು ಹಚ್ಚಿದರು. ಒಣಗಿದ ಮರ ಚಟಪಟ ಉರಿಯಿತು. ಹತ್ತು ವರ್ಷಗಳ ಅನುಮಾನ ಬೂದಿಯಾಗುತ್ತಿದೆ ಎಂದು ಅವರಿಗೆ ಅಪಾರ ಸಂತೋಷವಾಯಿತು. ನೀಲಕ್ಕ ಕೂಡ ಆ ಬೆಳಕಿನಲ್ಲಿ ಒಳ್ಳೆಯವಳಂತೆ ಕಂಡಳು.

ಅಕ್ಬರಸಾಬ ಮೊಬೈಲು ಹಿಡಿದುಕೊಂಡೇ ಬಂದ. “ಸರ, ಪತ್ರಿಕಿಯವರಿಗೆ ಹೇಳೇನ್ರಿ. ನಾಳೆ ಮನಿಗೊಂದು ‘ಎರೆಹೊಲ’, ನೂರು ಪ್ರತಿ. ನಿಮ್ಮ ಐನೂರನೇ ಲೇಖನ ಅಂಗಡಿ ಮುಂದ ನಿಂತು ಎಲ್ಲಾರ ಮುಂದ ನಾ ಓದಾಂವ. ಆಮ್ಯಾಲೆ ಬಣ್ಣ.”

ಈ ವಾರ ಲೇಖನವೇ ಹೋಗಿಲ್ಲ ಎಂದು ಹೇಳಲು ಮಡಿವಾಳೆಪ್ಪನವರಿಗೆ ಮನಸ್ಸಾಗಲಿಲ್ಲ. ಹೊಗಳಿಕೆ ಬೆಚ್ಚಗಿತ್ತು.

ಅಷ್ಟರಲ್ಲಿ ನವಲಗುಂದದ ಬಸ್ಸು ಇಳಿದು ಗೌರಕ್ಕ ಚೀಲ ಹಿಡಿದು ಬಂದಳು. ಬೆಂಕಿ ನೋಡಿ, “ಅಯ್ಯ, ಇವತ್ತ ಸುಟ್ರಿ?” ಎಂದಳು. “ಡೆಸ್ಕು ಹೋತು? ಚಲೋ ಆತು. ಮುಂಜಾನೆ ಹನಮಪ್ಪ ಬಂದು, ಕದಿಯೂದೈತಿ, ಒಯ್ಯಲೇನ್ರಿ ಅಂತ ಕೇಳಿದ. ಒಯ್ಯಪಾ ಅಂದೆ. ಎತ್ತತಾನ, ಬುಡದ ಹಲಗಿ ಕಳಚಿ ಎಲ್ಲಾ ಕೆಳಗ ಬಿತ್ತು. ಪೂರಾ ಗೆದ್ದಲ ತಿಂದಿತ್ತು. ಕಟ್ಟಳಿ ಐತಿ, ಬಾಯಿ ಬಿಡೂದಿಲ್ರಿ ಅಂತ ಹಂಗ ಒಯ್ದ. ನೀವು ನೋಡಿದರ ಮ್ಯಾಲ ಕೀಲಿ ಹಾಕ್ಕೊಂಡ ಕುಂತಿದ್ರಿ.”

“ಎಲ್ಲಾ ಅಂದರ?” ಎಂದರು ಮಾಸ್ತರರು.

“ಬಿಡಿ ಹಾಳಿ ಹೋಳಿಗಿ ಕಟ್ಟಾಕ ಬಂದ್ವು. ಆ ದಪ್ಪ ಪುಸ್ತಕ ಇತ್ತಲ್ರಿ, ಮ್ಯಾಲೆ ‘ದೇಶದ ಗತಿ’ ಅಂತ ಬರದದ್ದು? ಐನೂರನೇದು ಅಂದಮ್ಯಾಲ ದೊಡ್ಡದಾಗಿ ಬರದೀರಿ ಅಂದ್ಕೊಂಡೆ. ನೀವು ಹೊತ್ತಿಗೆ ಬರಲಿಲ್ಲ, ನಾನ ಕಂಡಕ್ಟರಗ ಕೊಟ್ಟೆ. ಕೈಯಾರ ಮುಟ್ಟಸ್ತೇನಂದ.”

ಆಕೆಯ ಚೀಲದೊಳಗಿನ ಮೊಬೈಲು ರಿಂಗಾಯಿತು. ‘ಎರೆಹೊಲ’ದ ಸಂಪಾದಕ ಪುಂಡಲೀಕನದು. ಗೌರಕ್ಕ ಗಂಡನ ಕಿವಿಗೆ ಹಿಡಿದಳು.

“ಸರ, ಇಂಥಾ ಬರಹ ನೀವು ಇಲ್ಲೀತನಕ ಬರದದ್ದಿಲ್ಲ. ಹೆಸರ ಸಹಿತ ಖರೆ ಹೇಳೂ ಧೈರ್ಯ ಇವತ್ತ ಯಾರಿಗೈತ್ರಿ? ನಾಕು ಪುಟ ಪೂರಾ ಅದನ್ನ ಹಾಕೇವಿ. ನಿಮ್ಮ ಕರಾರು ಗೊತ್ತಲ್ಲ, ಒಂದಕ್ಷರ ಬದಲಿ ಮಾಡಿಲ್ಲ. ಅಚ್ಚಾತು. ನಿಮ್ಮೂರಿನ ನೂರು ಪ್ರತಿ ಬಂಡಲ್ ಮುಂಜಾನೆ ಮೊದಲ ಬಸ್ಸಿಗೆ ಬರ್ತೈತಿ.”

ಮಡಿವಾಳೆಪ್ಪ ಮೆಲ್ಲಗೆ ಹನಮಪ್ಪನ ಬಳಿ ಸರಿದು, ಅವನ ಹೆಗಲ ಮೇಲೆ ಕೈ ಇಟ್ಟರು.

“ಹನಮಪ್ಪ, ನಾಳೆ ಮೊದಲ ಬಸ್ಸಿನ್ಯಾಗ ಒಂದು ಕಾಗದದ ಬಂಡಲ್ ಬರ್ತೈತಿ. ಕಾಮಣ್ಣಗಂತ ಅದನ್ನ ಕದ್ದು ತಂದು ಈ ಕೆಂಡಕ್ಕ ಹಾಕಿದರ ಹೆಂಗ?”

ಹನಮಪ್ಪ ಎರಡೂ ಕಣ್ಣು ತೆರೆದು ಅವರನ್ನು ನೋಡಿದ. ಈ ಸಲವೂ ಪರೀಕ್ಷೆಯೇ ಎಂದು ಅವನಿಗೆ ಖಾತ್ರಿಯಾಗಿತ್ತು.

“ಇಲ್ರಿ ಸರ. ನಾ ಸಿಗಾಂವಲ್ಲ. ಬೆಂಕಿ ಬಿದ್ದ ಮ್ಯಾಲೆ ಹುಲ್ಲಕಡ್ಡಿ ಎತ್ತಿದರೂ ಕಳವು,” ಎಂದ. “ನಾಳೆ ಮುಂಜಾನೆ ಸುಟ್ಟಿದ್ದರ ನಡೀತಿತ್ತು. ಇವತ್ತ ಹಚ್ಚಿದವರು ನೀವ ಅಲ್ರಿ.”