ಮೀನಿನ ಕೋಣೆಯಲ್ಲಿ ಫೈನಲ್ಸ್

ಏಪ್ರಿಲ್ ತಿಂಗಳ ಉರಿಸೆಖೆಯಲ್ಲಿ, ಕಡಲೂರು ಇಲೊಯಿಲೊದಲ್ಲಿ, ತಗಡಿನ ಸೂರಿನಡಿ ಬಾಡಿಗೆಗಿರುವವನು ಆನ್‌ಲೈನ್ ಕಾರ್ ರೇಸಿನ ಫೈನಲ್ಸ್ ತಲುಪಬಾರದು. ರೆನಾಂತೆ ತಲುಪಿಬಿಟ್ಟಿದ್ದ. ಗೆದ್ದವರಿಗೆ ಏಸಿ ಬಹುಮಾನ. ಆ ತಂಪಿನ ಆಸೆಗೇ ಅವನು ಇಡೀ ಬೇಸಿಗೆ ಬೆವರು ಸುರಿಸಿ ಆಡಿದ್ದ.

ಮಧ್ಯಾಹ್ನ ಪಂದ್ಯ. ಬೆಳಿಗ್ಗೆ ಕೈ ಪಳಗಿಸೋಣವೆಂದು ಕೂತರೆ, ಲ್ಯಾಪ್‌ಟಾಪಿನ ಫ್ಯಾನು ಹಿಟ್ಟಿನ ಗಿರಣಿಯಂತೆ ಕೂಗತೊಡಗಿತು. ಕಾವು ಏರಿದಂತೆಲ್ಲ ಯಂತ್ರ ಜೀವ ಉಳಿಸಿಕೊಳ್ಳಲು ವೇಗ ತಗ್ಗಿಸಿತು. ಪರದೆಯ ಮೇಲಿನ ಕಾರು ತುಂಬು ಗಬ್ಬದ ಎಮ್ಮೆಯಂತೆ ಹೆಜ್ಜೆ ಹಾಕಿತು.

"ತೋತೋ, ಏನೋ ಅದು ಸದ್ದು? ವಿಮಾನ ಇಳೀತಿದ್ಯಾ?" ಎನ್ನುತ್ತ ಮನೆಯೊಡತಿ ನಾಂಗ್ ಪಾಸಿಂಗ್ ಒಳಬಂದಳು. ಅವಳಿಗೆ ಓಣಿಯ ಪ್ರತಿ ಹುಡುಗನೂ ತೋತೋ, ಅಂದರೆ ಮರಿ; ಹುಡುಗರಿಗೆಲ್ಲ ಅವಳು ನಾಂಗ್, ಅಂದರೆ ಅಕ್ಕ.

"ಲ್ಯಾಪ್‌ಟಾಪ್ ಕಾದಿದೆ ನಾಂಗ್. ಕೋಣೇನೇ ಒಲೆ ಆದ್ರೆ ಅದು ತಣ್ಣಗಾಗೋದು ಹೇಗೆ?"

"ಅಷ್ಟೇನಾ!" ಎಂದವಳೇ ಕಿಟಕಿಯಿಂದ ತಲೆ ಹೊರಹಾಕಿ ಓಣಿಗೆಲ್ಲ ಡಂಗುರ ಸಾರಿದಳು.

ಬಂದರು ನೋಡಿ! ಒಬ್ಬರು ಟೇಬಲ್ ಫ್ಯಾನ್ ತಂದರು, ಇನ್ನೊಬ್ಬರು ಬೋಗುಣಿ ತುಂಬ ಐಸು. ಏನೂ ತರದವರು ಸಲಹೆ ತಂದರು. ಕೋಳಿಗೂಡಿನಷ್ಟು ಕೋಣೆಯಲ್ಲಿ ಓಣಿಯ ಅರ್ಧ ಜನ ಉಸಿರಾಡುತ್ತ ನಿಂತರು. ಲ್ಯಾಪ್‌ಟಾಪ್ ಒಮ್ಮೆ ನರಳಿ ಆಫ್ ಆಯಿತು.

"ದಮ್ಮಯ್ಯ, ನೀವೆಲ್ಲ ಹೊರಗೆ ಹೋದ್ರೆ ಅದೇ ತಂಪು!" ರೆನಾಂತೆ ಕೈಮುಗಿದ.

"ನೋಡ್ರಪ್ಪ, ಉಪಕಾರಕ್ಕೆ ಕಾಲ ಇಲ್ಲ!" ಐಸು ತಂದವರು ಮುನಿದರು.

ಆಗ ಬಾಗಿಲಲ್ಲಿದ್ದ ಮೀನು ವ್ಯಾಪಾರಿ ನೋಂಗ್ ದಾದಾಂಗ್ ಗಂಟಲು ಸರಿಮಾಡಿಕೊಂಡ. "ಮಾರ್ಕೆಟ್ಟಲ್ಲಿರೋ ನನ್ನ ಮೀನಿಡೋ ತಂಪು ಕೋಣೇಲಿ ಕೂತು ಆಡೋ. ಅಲ್ಲಿ ಏಪ್ರಿಲ್ ತಿಂಗಳೇ ಇಲ್ಲ."

ನಾಂಗ್ ಪಾಸಿಂಗ್ ತನ್ನ ಕೆನಡಾದ ಮಗಳು ಬಿಟ್ಟುಹೋಗಿದ್ದ ದಪ್ಪ ಕೋಟು, ಉಣ್ಣೆ ಟೋಪಿ ತೊಡಿಸಿದಳು. ಮಧ್ಯಾಹ್ನ ರೆನಾಂತೆ ಲ್ಯಾಪ್‌ಟಾಪ್ ಹೊತ್ತು ಆ ಕೋಣೆ ಸೇರಿ ಮೀನಿನ ಪೆಟ್ಟಿಗೆಯ ಮೇಲೆ ಕೂತ. ಆಹಾ! ಆ ಚಳಿಯಲ್ಲಿ ಲ್ಯಾಪ್‌ಟಾಪು ಹೊಸ ಅಳಿಯನಂತೆ ಉಲ್ಲಾಸಗೊಂಡಿತು. ಕಾರು ಬಾಣವಾಯಿತು. ರೆನಾಂತೆಯ ಹಲ್ಲು ಕಟಕಟಿಸಿದವು, ಬೆರಳು ಮರಗಟ್ಟಿದವು. ಆದರೂ ಕೊನೆಯ ತಿರುವಿನಲ್ಲಿ ಎದುರಾಳಿಯನ್ನು ಹಿಂದಿಕ್ಕಿ ಗೆದ್ದೇಬಿಟ್ಟ! ಹೊರಗೆ ಕಾದಿದ್ದ ಓಣಿಯವರ ಕೇಕೆಗೆ ಮಾರುಕಟ್ಟೆಯ ಬೆಕ್ಕುಗಳೆಲ್ಲ ದಿಕ್ಕಾಪಾಲಾದವು.

ಪರದೆಯಲ್ಲಿ ತೀರ್ಪುಗಾರ್ತಿಯ ಮುಖ ಮೂಡಿತು. "ಅಭಿನಂದನೆ. ಒಂದ್ನಿಮಿಷ, ಕ್ಯಾಮೆರಾ ನೋಡಿ. ಇದೇನ್ರೀ, ಉಣ್ಣೆ ಟೋಪಿ? ಬಾಯಲ್ಲಿ ಹಬೆ ಬೇರೆ! ಈ ಪಂದ್ಯ ಇಲೊಯಿಲೊದಲ್ಲಿ ಇರೋರಿಗೆ ಮಾತ್ರ. ನೀವು ಯಾವ ದೇಶದಲ್ಲಿ ಕೂತಿದ್ದೀರಿ?"

"ಇಲ್ಲೇ ಮೇಡಂ, ಮೀನು ಮಾರ್ಕೆಟ್ಟಲ್ಲಿ!"

"ಹಿಮ ಬೀಳೋ ಮಾರ್ಕೆಟ್ಟಾ? ಒಳ್ಳೆ ಕತೆ!"

"ಇರಿ, ಹೊರಗೇ ಬಂದು ತೋರಿಸ್ತೀನಿ!"

ರೆನಾಂತೆ ಲ್ಯಾಪ್‌ಟಾಪ್ ಎತ್ತಿಕೊಂಡು ಬಾಗಿಲು ದೂಡಿ ಉರಿಬಿಸಿಲಿಗೆ ನುಗ್ಗಿದ. ಓಣಿಯವರು ಕ್ಯಾಮೆರಾದತ್ತ ಕೈಬೀಸಿದರು. ಮಂಜಿನಂತೆ ತಣ್ಣಗಿದ್ದ ಯಂತ್ರಕ್ಕೆ ಕಡಲೂರಿನ ಬಿಸಿ ಗಾಳಿ ತಾಕಿದ್ದೇ ತಡ, ಐಸು ಹಾಕಿದ ಲೋಟದ ಮೇಲೆ ಮೂಡುವಂತೆ ಮೈತುಂಬ, ಕ್ಯಾಮೆರಾದ ಮೇಲೂ ಹನಿ ಮೂಡಿತು. ನೀರು ಕೀಲಿಗಳ ಸಂದಿಯಲ್ಲಿ ಇಳಿಯಿತು. ತೀರ್ಪುಗಾರ್ತಿ ಎರಡು ಸಲ ಮಿನುಗಿ ಮಾಯವಾದಳು. ಊರು ಸಾಬೀತಾಗದೆ ಏಸಿ ಎರಡನೆಯವನ ಪಾಲಾಯಿತು.

ಉಣ್ಣೆ ಟೋಪಿಯೊಳಗಿಂದ ಧಾರಾಕಾರ ಬೆವರುತ್ತ ರೆನಾಂತೆ ಪವರ್ ಗುಂಡಿ ಒತ್ತುತ್ತಲೇ ಇದ್ದ. ನಾಂಗ್ ಪಾಸಿಂಗ್ ಬಗ್ಗಿ ನೋಡಿ, ಸೆರಗಿಲ್ಲದ್ದಕ್ಕೆ ಅಂಗಿಯ ಅಂಚಿನಿಂದಲೇ ಲ್ಯಾಪ್‌ಟಾಪಿನ ಮುಖ ಒರೆಸಿದಳು.

"ಪಾಪ, ಇದಕ್ಕೂ ನಿನ್ನಷ್ಟೇ ಸೆಖೆ ಕಣೋ ತೋತೋ!"